ಕೊನೆಯಿಂದ ಹೊಲಿದ ಪುಸ್ತಕ

“‘ರೈಲು ತಿರುವಿನಲ್ಲಿ ಮರೆಯಾಯಿತು. ಅವಳು ಹಿಂದಿರುಗಿ ನೋಡಲಿಲ್ಲ.’”

ಎಲ್ಲರೂ ರೇಡಿಯೊ ಎಂದು ಕರೆಯುತ್ತಿದ್ದ ಹೆಂಗಸು ಇಷ್ಟು ಓದಿ ಪುಟ ತಿರುವಿದಳು. ಆಚೆ ಬದಿಯಲ್ಲಿ ಏನೂ ಇರಲಿಲ್ಲ. ಇನ್ನೊಂದು ಹಾಳೆ ತಿರುವಿದಳು, ಅದೂ ಖಾಲಿ. ಎರಡು ಹಾಳೆ ಅಂಟಿಕೊಂಡಿರಬಹುದೆಂದು ಬೆರಳಿಗೆ ಎಂಜಲು ಹಚ್ಚಿ ಉಜ್ಜಿ ನೋಡಿದಳು.

“ಮುಂದೆ?” ಎಂದ ಅಂಟಣ್ಣ. ಅವನ ಬ್ರಷ್ಷು ಅಂಟಿನ ಡಬ್ಬಿಯ ಮೇಲೆ ನಿಂತಲ್ಲೇ ನಿಂತು ತೊಟ್ಟಿಕ್ಕುತ್ತಿತ್ತು.

“ಮುಂದೆ ಇಲ್ಲ. ಮುಗೀತು.”

“ಮುಗೀತು ಅಂದ್ರೆ? ನಾಯಿ ಏನಾಯ್ತು?”

“ನಾಯಿ ಸಿಗಲೇ ಇಲ್ಲ ಕಣೋ. ಆಗಲೇ ಓದಿದ್ನಲ್ಲ.”

“ಕೊನೇಲಿ ಸಿಗುತ್ತೆ ಅಂತ ನಾನು ಸುಮ್ನೆ ಕೂತಿದ್ದೆ!”

ಕಿಟಕಿಯ ಪಕ್ಕ ಕೂತು ಪುಸ್ತಕ ಹೊಲಿಯುತ್ತಿದ್ದ ದೊಡ್ಡಕ್ಕ ಸೂಜಿಯನ್ನು ಮೇಣದ ಉಂಡೆಗೆ ಚುಚ್ಚಿಟ್ಟು, ಗಂಟುಗಂಟಾದ ಬೆರಳುಗಳನ್ನು ಒಂದೊಂದಾಗಿ ನೀವಿಕೊಂಡರು. ಕತ್ತರಿಸುವ ಯಂತ್ರದ ಬಳಿ ನಿಂತಿದ್ದ ಯಜಮಾನರು ಗಂಟಲು ಸರಿಮಾಡಿಕೊಂಡು, “ಹ್ಞೂಂ, ಕೆಲಸ ನೋಡಿ” ಎಂದರು. ಯಾರಿಗೂ ಕೆಲಸ ನೋಡುವ ಮನಸ್ಸಿರಲಿಲ್ಲ. ಅವರಿಗೂ.

ಆ ಬೈಂಡಿಂಗ್ ಅಂಗಡಿಯ ಪದ್ಧತಿಯೇ ಹಾಗೆ. ಮಡಿಸುವುದು, ಹೊಲಿಯುವುದು, ಅಂಟು ಹಚ್ಚುವುದು, ಯಾವುದಕ್ಕೂ ಸದ್ದಿಲ್ಲ. ಕೈಗೆ ಕೆಲಸವಿದ್ದರೂ ಕಿವಿ ಖಾಲಿ. ಹಾಗಾಗಿ ಒಬ್ಬರು ಓದುವುದು, ಉಳಿದವರು ಕೇಳುವುದು, ಓದಿದವರ ಪಾಲಿನ ಮಡಿಸುವ ಕೆಲಸವನ್ನು ಉಳಿದವರು ಹಂಚಿಕೊಳ್ಳುವುದು. ಈಗ ಓದುತ್ತಿದ್ದವಳು, ಇಬ್ಬರು ಮಕ್ಕಳ ತಾಯಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಮ್ಮೆ ಓದಿದ್ದೇ ನೆಪ, ಆಮೇಲೆ ಓದುವ ಸ್ಟೂಲಿನಿಂದ ಅವಳನ್ನು ಯಾರೂ ಏಳಲು ಬಿಡಲಿಲ್ಲ. ಹೆಸರೂ ರೇಡಿಯೊ ಎಂದೇ ನಿಂತಿತು. ಯಜಮಾನರು ಯಂತ್ರದ ಹಿಡಿಯನ್ನು ಎಳೆದಾಗ ಮಾತ್ರ ‘ಧಡ್’ ಎಂದು ಸದ್ದಾಗುತ್ತಿತ್ತು. ಅದು ಬೀಳುವ ಹೊತ್ತಿಗೆ ಸರಿಯಾಗಿ ವಾಕ್ಯ ಮುಗಿಸುವುದನ್ನು ಅವಳು ಕಲಿತಿದ್ದಳು.

ಎಷ್ಟೋ ಲೇಖಕರು ಆ ಮೇಜಿನ ಮೇಲೆ ಬಂದುಹೋಗಿದ್ದರು. ಆದರೆ ಅಲ್ಲಿ ಎಲ್ಲರೂ ‘ಚಿಕ್ಕಮ್ಮ’ ಎಂದು ಕರೆಯುತ್ತಿದ್ದುದು ಒಬ್ಬರನ್ನೇ. ಅವರನ್ನು ಕಣ್ಣಾರೆ ಕಂಡವರಿಲ್ಲ. ರೈಲು ನಿಲ್ದಾಣದ ಪಕ್ಕದ ಒಂದು ವಸತಿಗೃಹ, ಅದನ್ನು ನಡೆಸುವ ವಿಧವೆ, ಅವಳ ನಾಯಿ, ವಿಗ್ಗು ಹಾಕುವ ಅಡುಗೆಯವನು, ವಿಧವೆಗೆ ಮನಸ್ಸು ಕೊಟ್ಟೂ ಬಾಯಿಬಿಡಲಾಗದ ಸ್ಟೇಷನ್ ಮಾಸ್ತರ, ಇಷ್ಟು ಜನರನ್ನಿಟ್ಟುಕೊಂಡು ಚಿಕ್ಕಮ್ಮ ಕಾದಂಬರಿಯ ಮೇಲೆ ಕಾದಂಬರಿ ಬರೆದಿದ್ದರು. ಅಡುಗೆಯವನ ವಿಗ್ಗು ಹಿಟ್ಟಿನ ಪಾತ್ರೆಗೆ ಬಿದ್ದ ದಿನ ಅಂಟಣ್ಣ ನಕ್ಕೂ ನಕ್ಕೂ ಶಾಲೆಯ ಗಣಿತ ಪುಸ್ತಕಕ್ಕೆ ಅಡುಗೆ ಪುಸ್ತಕದ ರಟ್ಟು ಅಂಟಿಸಿಬಿಟ್ಟಿದ್ದ.

ಚಿಕ್ಕಮ್ಮನ ಈ ಹೊಸ ಪುಸ್ತಕಕ್ಕೆ ಬಹಳ ದಿನ ಕಾದಿದ್ದರು. ಕಾದಿದ್ದಕ್ಕೆ ಇನ್ನೊಂದು ಕಾರಣವೂ ಇತ್ತು. ಈ ಶನಿವಾರಕ್ಕೆ ದೊಡ್ಡಕ್ಕನ ಕೆಲಸ ಕೊನೆ. ಬೆರಳ ಗೆಣ್ಣುಗಳು ಸೂಜಿ ಹಿಡಿಯಲು ಒಲ್ಲೆ ಎನ್ನುತ್ತಿದ್ದವು. “ಚಿಕ್ಕಮ್ಮನ ಪುಸ್ತಕ ಒಂದು ಬಂದುಬಿಡ್ಲಿ. ಅದನ್ನ ಕೇಳ್ಕೊಂಡು, ಹೊಟ್ಟೆ ತುಂಬ ನಕ್ಕೊಂಡು, ನಿಮ್ಮೆಲ್ಲರಿಗೂ ಕೈ ಮುಗಿದು ಹೋಗ್ತೀನಿ” ಎಂದು ಅವರು ತಿಂಗಳುಗಟ್ಟಲೆ ಹೇಳುತ್ತ ಬಂದಿದ್ದರು. ಪುಸ್ತಕದಂಗಡಿಯವನ ಬೆನ್ನು ಹತ್ತಿ, ಅವನು ಕಟ್ಟು ಬಿಚ್ಚಿದ ದಿನವೇ ರೇಡಿಯೊ ಅದನ್ನು ತಂದಿದ್ದಳು.

ಅದರಲ್ಲೋ, ಅರ್ಧಕ್ಕೇ ಅಡುಗೆಯವನು ಸತ್ತ. ನಾಯಿ ಕಳೆದುಹೋಯಿತು. ವಸತಿಗೃಹಕ್ಕೆ ಬೆಂಕಿ ಬಿತ್ತು. ಮಾಸ್ತರ ಕೊನೆಗೂ ಬಾಯಿಬಿಟ್ಟ, ಆದರೆ ಬೈಯಲು. ವಿಧವೆ ಒಂದು ಪೆಟ್ಟಿಗೆ ಹಿಡಿದು ರೈಲು ಹತ್ತಿದಳು. ಇಡೀ ಪುಸ್ತಕದಲ್ಲಿ ಯಾರೊಬ್ಬರೂ ಎರಡನೇ ಸಲ ಬಡಿಸಿಕೊಳ್ಳಲಿಲ್ಲ.

ಆ ಸಂಜೆ ರೇಡಿಯೊ ಮನೆಯಲ್ಲಿ ತಟ್ಟೆಗಳನ್ನು ಕುಕ್ಕಿ ಕುಕ್ಕಿ ಇಡುತ್ತಿದ್ದಳು. ಮಕ್ಕಳಿಬ್ಬರೂ ಇಂಥ ದಿನ ಹೇಗಿರಬೇಕೆಂದು ಬಲ್ಲವರಂತೆ ಸದ್ದಿಲ್ಲದೆ ಊಟ ಮಾಡುತ್ತಿದ್ದರು.

“ಏನಾಯ್ತೇ?” ಎಂದ ಗಂಡ.

“ಅಡುಗೆಯವನು ಸತ್ತುಹೋದ.”

“ಯಾವ ಅಡುಗೆಯವನು? ನಮ್ಮನೇಲಿ ಅಡುಗೆಯವನು ಯಾವಾಗಿದ್ದ?”

ಅವಳಿಗೆ ನಗು ಬಂತು, ಜೊತೆಗೆ ಅಳುವೂ. “ದೊಡ್ಡಕ್ಕನಿಗೆ ಅಂತ ತಂದೆ ಕಣ್ರೀ. ನಾನೇ ನನ್ನ ಕೈಯಾರೆ ಓದಿ ಅವರ ಹೊಟ್ಟೆ ಉರಿಸಿದೆ” ಎಂದಳು. ಗಂಡ ಅವಳ ಕೈಯಿಂದ ಸೌಟು ತೆಗೆದುಕೊಂಡು ಅವಳಿಗೇ ಬಡಿಸಿದ.

ಶುಕ್ರವಾರ ಬೆಳಿಗ್ಗೆ ದೊಡ್ಡಕ್ಕ ಬಂದವರೇ ಕೈಚೀಲವನ್ನು ಮೊಳೆಗೆ ನೇತುಹಾಕುವ ಮೊದಲೇ, “ಆ ಪುಸ್ತಕ ಕೊಡಿಲ್ಲಿ” ಎಂದರು. “ರಾತ್ರಿಯೆಲ್ಲ ಯೋಚನೆ ಮಾಡ್ದೆ. ಇದು ಚಿಕ್ಕಮ್ಮನ ತಪ್ಪಲ್ಲ. ಕಟ್ಟಿದವರ ತಪ್ಪು. ನಡುವೆ ಯಾರದ್ದೋ ಫಾರಂ ಸೇರ್ಕೊಂಡಿದೆ.”

ಫಾರಂ ಎಂದರೆ ಹದಿನಾರು ಪುಟಗಳ ಒಂದು ಮಡಿಕೆ. ಅಂಥ ಮಡಿಕೆಗಳನ್ನು ಸಾಲಾಗಿ ಹೊಲಿದರೆ ಪುಸ್ತಕ. ಹೊಲಿಯುವ ಮುನ್ನ ಕಣ್ಣು ತಪ್ಪಿತೋ, ಕಥೆ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಇದೇ ಮೇಜಿನ ಮೇಲೆ ಒಮ್ಮೆ ದರ್ಜಿ ಕೆಲಸ ಕಲಿಸುವ ಪುಸ್ತಕದ ಹೊಟ್ಟೆಗೆ ದನದ ರೋಗಗಳ ಪುಸ್ತಕದ ಫಾರಂ ಸೇರಿ, ಅಂಗಿಯ ತೋಳಿನ ಅಳತೆಯ ನಡುವೆ ಕೆಚ್ಚಲು ಬಾವಿನ ಚಿಕಿತ್ಸೆ ಬಂದಿತ್ತು. ಪುಟಸಂಖ್ಯೆ ಮಾತ್ರ ಒಂದಕ್ಕೊಂದು ತಾಳೆಯಾಗಿ ಕೂತಿತ್ತು.

“ಆದ್ರೆ ದೊಡ್ಡಕ್ಕ, ಎಲ್ಲ ಕಡೆ ಅದೇ ಜನರ ಹೆಸರಿದೆಯಲ್ಲ” ಎಂದಳು ರೇಡಿಯೊ ಮೆಲ್ಲಗೆ.

“ಹೆಸರು ಒಂದೇ ಆದ್ರೆ ಮನುಷ್ಯರು ಒಂದೇನಾ? ನಮ್ಮ ಮಾಸ್ತರ ಆ ಹೆಂಗಸಿಗೆ ಹಾಗೆ ಬೈತಾನಾ? ನೀನೇ ಹೇಳು.”

“ಇಲ್ಲ ಬಿಡಿ” ಎಂದ ಅಂಟಣ್ಣ, ನ್ಯಾಯಾಧೀಶನಂತೆ. “ಅವನಿಗೆ ಅಷ್ಟು ಧೈರ್ಯ ಎಲ್ಲಿ?”

ದೊಡ್ಡಕ್ಕ ರಟ್ಟು ಕಿತ್ತರು. ಬೆನ್ನಿನ ಅಂಟನ್ನು ಒದ್ದೆ ಬಟ್ಟೆಯಿಂದ ನೆನೆಸಿ ಕೆರೆದರು. ದಾರಗಳನ್ನು ಒಂದೊಂದಾಗಿ ಕತ್ತರಿಸಿ, ಫಾರಂಗಳನ್ನು ಬಿಡಿಬಿಡಿಯಾಗಿ ಮೇಜಿನ ಮೇಲೆ ಹರಡಿದರು. ಪ್ರತಿ ಫಾರಮಿನ ಮೊದಲ ಪುಟದ ಅಡಿಯಲ್ಲಿ ಇರುವೆಯಷ್ಟು ಸಣ್ಣಗೆ ಪುಸ್ತಕದ ಹೆಸರೂ ಸಾಲಿನ ಅಂಕಿಯೂ ಇರುತ್ತವೆ. ಕನ್ನಡಕವನ್ನು ಹಣೆಗೇರಿಸಿ, ಮೂಗು ಕಾಗದಕ್ಕೆ ತಾಗುವಂತೆ ಬಗ್ಗಿ, ಒಂದೊಂದನ್ನೂ ನೋಡಿದರು. ಕಾಗದವನ್ನು ಬೆರಳಿನಲ್ಲಿ ಉಜ್ಜಿದರು. ಕೊನೆಗೆ ನೇರವಾಗಿ ಕೂತರು.

“ಎಲ್ಲ ಸರಿಯಾಗಿದೆ. ಬಹಳ ಚೆನ್ನಾಗಿ ಕಟ್ಟಿದ್ದಾರೆ, ಹಾಳಾದವರು.”

ಫಾರಂಗಳನ್ನು ಒಟ್ಟುಮಾಡುತ್ತ ಅವರೇ, “ಪಾಪ, ಈ ನಡುವೆ ಚಿಕ್ಕಮ್ಮನಿಗೆ ಏನಾಗಿತ್ತೋ. ಮನೇಲಿ ಯಾರಿಗೆ ಏನು ತಾಪತ್ರಯವೋ. ನಗಿಸೋರಿಗೆ ಸುಸ್ತಾಗಬಾರದು ಅಂತ ಎಲ್ಲಿದೆ?” ಎಂದರು. ಹಾಗೆ ಹೇಳಿ ಕ್ಷಮಿಸಿದರೇ ಹೊರತು ನಗಲಿಲ್ಲ. ಆ ದಿನ ಅಂಗಡಿಯಲ್ಲಿ ಓದು ನಡೆಯಲಿಲ್ಲ. ಯಂತ್ರ ಮಾತ್ರ ಧಡ್ ಧಡ್ ಎಂದು ಬೀಳುತ್ತಿತ್ತು.

ಶನಿವಾರ ಕೆಲಸ ಕಡಿಮೆ ಇತ್ತು. ದೊಡ್ಡಕ್ಕನ ಕೊನೆಯ ದಿನವೆಂದು ಯಜಮಾನರೇ ಕಡಿಮೆ ಮಾಡಿದ್ದರು. “ಬಿಚ್ಚಿದ್ದನ್ನ ಹಾಗೇ ಬಿಟ್ಟು ಹೋಗಬಾರದು. ಮತ್ತೆ ಹೊಲಿದು ಹೋಗ್ತೀನಿ. ಹೇಗಿದ್ರೂ ಚಿಕ್ಕಮ್ಮನ ಪುಸ್ತಕ” ಎಂದರು ದೊಡ್ಡಕ್ಕ. ಅಂಟಣ್ಣ ಫಾರಂಗಳನ್ನು ಜೋಡಿಸಿ ಮೇಜಿನ ಮಧ್ಯೆ ಇಟ್ಟ. ಹೊಲಿಯುವವರು ಕೊನೆಯ ಫಾರಮಿನಿಂದ ಶುರುಮಾಡುತ್ತಾರೆ. ಹಾಗಾಗಿ ಅವನು ವಾಡಿಕೆಯಂತೆ ಕೊನೆಯದನ್ನು ಮೇಲಿಟ್ಟು, ಮೊದಲನೆಯದನ್ನು ತಳಕ್ಕೆ ಹಾಕಿದ್ದ.

“ಸುಮ್ನೆ ಕೂರಬೇಡ್ವೇ ರೇಡಿಯೊ. ಏನಾದ್ರೂ ಓದು. ಕೊನೇ ದಿನವೂ ಮೌನವಾಗಿ ಕಳೀಬೇಕಾ?”

ರೇಡಿಯೊ ಮುಂದಿದ್ದ ಕಟ್ಟಿನಿಂದ ಮೇಲಿನ ಫಾರಮನ್ನೇ ಎತ್ತಿಕೊಂಡಳು. ಅಲ್ಲೊಂದು ಪುಟ ಇಲ್ಲೊಂದು ಪುಟ ಓದಿ, ಮನಸ್ಸಿಲ್ಲದ ಮನಸ್ಸಿನಿಂದ ಅದೇ ಕೊನೆಯ ಸಾಲಿಗೆ ಬಂದಳು. ಕೈ ತಾನಾಗಿಯೇ ಕೆಳಗಿನ ಫಾರಮನ್ನು ಎಳೆದುಕೊಂಡಿತು, ಬಾಯಿ ತಾನಾಗಿಯೇ ಮುಂದುವರಿಯಿತು.

“‘ರೈಲು ತಿರುವಿನಲ್ಲಿ ಮರೆಯಾಯಿತು. ಅವಳು ಹಿಂದಿರುಗಿ ನೋಡಲಿಲ್ಲ. ಕೊಡೆ ಮರೆತೆನೆಂದು ಗೊಣಗುತ್ತ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು.’”

ಅಂಟಣ್ಣನ ಬ್ರಷ್ಷು ನಿಂತಿತು. “ಏನು? ಬಂದ್ಲಾ?”

“ಬಂದ್ಲು” ಎಂದಳು ರೇಡಿಯೊ, ಕಣ್ಣು ಕಿರಿದು ಮಾಡಿ ಪುಟವನ್ನು ನೋಡುತ್ತ.

“ಈಗಷ್ಟೇ ರೈಲು ಹತ್ತಿದ್ಲಲ್ಲ?”

“ಕೊಡೆ ಮರೆತಿದ್ಲಂತೆ.”

ದೊಡ್ಡಕ್ಕ ತಲೆ ಎತ್ತಿದರು. “ಅದು ಹಿಂದಿನ ಫಾರಂ ಕಣೇ. ತಿರುಗಾಮುರುಗಾ ಓದ್ತಿದ್ದೀಯ.” ಆಮೇಲೆ ದಾರಕ್ಕೆ ಮೇಣ ಸವರುತ್ತ, “ಇರ್ಲಿ. ಓದು” ಎಂದರು.

ಅವಳು ಓದಿದಳು. ಪ್ರತಿ ಫಾರಮಿನ ಮೊದಲ ಒಂದೆರಡು ಪುಟ, ಕೊನೆಯ ಒಂದೆರಡು ಪುಟ, ಆಮೇಲೆ ಅದರ ಹಿಂದಿನ ಫಾರಂ. ಬೆಂಕಿಯ ಅಧ್ಯಾಯ ಬಂತು.

“‘ಸುಟ್ಟು ಕರಕಲಾದ ತೊಲೆಗಳ ಕೆಳಗೆ ಅವರು ಬಹಳ ಹೊತ್ತು ಹುಡುಕಿದರು. ಕೊನೆಗೆ ಸಿಕ್ಕಿದ್ದು’” — ಫಾರಂ ಬದಲಾಯಿಸಿದಳು — “‘ಬಿಸಿಬಿಸಿ ಸೂಪು, ಅದೂ ತಳ ಹತ್ತಿದ್ದು.’”

ಅಂಟಣ್ಣ ಮೇಜಿನ ಮೇಲೆ ಗುದ್ದಿದ. ಯಜಮಾನರು ಯಂತ್ರದ ಹಿಡಿಯನ್ನು ಬಿಟ್ಟು ಹತ್ತಿರ ಬಂದು ನಿಂತರು. ರೇಡಿಯೊಗೆ ನಗು ತಡೆಯುವುದು ಕಷ್ಟವಾಗುತ್ತಿತ್ತು. ಆದರೂ ಓದಿದಳು. ಮಾಸ್ತರ ಬೈದು, ಆಮೇಲೆ ಹೂವು ಹಿಡಿದು ಬಾಗಿಲಲ್ಲಿ ನಿಂತ. ನಾಯಿ ಎಲ್ಲೂ ಸಿಗದೆ ಹೋಗಿ, ಆಮೇಲೆ ಮಂಚದ ಕೆಳಗೆ ಮಾಸ್ತರನ ಬೂಟು ಅಗಿಯುತ್ತ ಮಲಗಿತ್ತು. ಕೊನೆಗೆ ಅಡುಗೆಯವನ ಸಾವು ಬಂದಾಗ ಅವಳ ದನಿ ಸಣ್ಣದಾಯಿತು.

“‘ಅಡುಗೆಯವನು ಕಣ್ಣು ಮುಚ್ಚಿದ. ವೈದ್ಯರು ಅವನ ಕೈಯನ್ನು ಮೆಲ್ಲಗೆ ಕೆಳಗಿಟ್ಟು, ಕೋಣೆಯಲ್ಲಿದ್ದವರ ಮುಖ ನೋಡಿ’” — ಫಾರಂ ಬದಲಾಯಿತು — “‘ಉಪ್ಪು ಸಾಲದು, ಇನ್ನೊಂದು ಚಿಟಿಕೆ ಹಾಕಿ ಎಂದರು.’”

ಮೊದಲು ನಕ್ಕವರು ದೊಡ್ಡಕ್ಕ. ಎಷ್ಟು ಜೋರಾಗಿ ನಕ್ಕರೆಂದರೆ ಕನ್ನಡಕ ಜಾರಿ ಮಡಿಲಿಗೆ ಬಿತ್ತು. “ಉಪ್ಪು! ಸತ್ತವನಿಗೆ ಉಪ್ಪು!” ಎಂದು ಹೊಟ್ಟೆ ಹಿಡಿದುಕೊಂಡು ಬಾಗಿದರು. “ಹಾಕ್ರೋ, ಹಾಕ್ರೋ! ಒಂದು ಚಿಟಿಕೆಗೆ ಎದ್ದು ಕೂರೋನಾದ್ರೆ ಡಬ್ಬಿಯನ್ನೇ ಸುರೀರೋ!” ಅಂಟಣ್ಣ ಅಂಟಿನ ಕೈಯಲ್ಲೇ ಕಣ್ಣೊರೆಸಿಕೊಂಡು ಹುಬ್ಬಿಗೆಲ್ಲ ಅಂಟು ಮೆತ್ತಿಕೊಂಡ. ಯಜಮಾನರು ಗೋಡೆಯ ಕಡೆ ತಿರುಗಿ ನಿಂತಿದ್ದರು. ಅವರ ಭುಜ ಮಾತ್ರ ಕುಣಿಯುತ್ತಿತ್ತು. ಮುಂದಿನ ಪುಟದಲ್ಲಿ ಅಡುಗೆಯವನು ನಿಜವಾಗಿಯೂ ಎದ್ದಿದ್ದ. ಸೌಟು ಹಿಡಿದು ಎಲ್ಲರಿಗೂ ಬೈಯುತ್ತಿದ್ದ. ವಿಗ್ಗು ಸ್ವಲ್ಪ ಎಡಕ್ಕೆ ವಾಲಿತ್ತು.

ನಗು ಇಳಿದಾಗ ದೊಡ್ಡಕ್ಕ ಕನ್ನಡಕ ಒರೆಸಿ ಹಾಕಿಕೊಂಡರು. “ಚಿಕ್ಕಮ್ಮ ಇದ್ದಾರೆ ಕಣ್ರೇ. ಒಳಗಡೆ ಇದ್ದಾರೆ. ಮುಂಬಾಗಿಲು ಹಾಕ್ಕೊಂಡಿದ್ರು, ಅಷ್ಟೇ.” ರೇಡಿಯೊ ಈಗ ಓದಿದ ಕ್ರಮದಲ್ಲೇ ಪುಸ್ತಕವಾಗಲೆಂದು ಕಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡು ಬುಡಮೇಲು ಮಾಡಿಟ್ಟರು. ಎಲ್ಲಕ್ಕಿಂತ ಮೊದಲಿನ ಫಾರಮನ್ನು, ಕೊನೆಯದೆಂಬಂತೆ, ಹೊಲಿಗೆಯ ಚೌಕಟ್ಟಿಗೆ ಕೊಟ್ಟರು.

“ದೊಡ್ಡಕ್ಕ, ನಿಮ್ಮ ಜನ್ಮದಲ್ಲಿ ಒಂದು ಫಾರಂ ತಪ್ಪು ಹೊಲಿದೋರಲ್ಲ ನೀವು” ಎಂದರು ಯಜಮಾನರು.

“ಅದಕ್ಕೇ ಒಂದಾದ್ರೂ ಹೊಲಿದು ಹೋಗ್ತೀನಿ. ನೀವು ಬೈದ್ರೆ ಬೈರಿ, ಸೋಮವಾರ ನಾನಿರಲ್ಲ.”

ಸೂಜಿ ಒಳಹೊಕ್ಕು ಹೊರಬಂತು. ಬೆರಳು ನೋಯುತ್ತಿದ್ದುದು ಮುಖದಲ್ಲಿ ಕಾಣುತ್ತಿತ್ತು, ಆದರೆ ಕೈ ನಿಲ್ಲಲಿಲ್ಲ. ಹೊಲಿದು ಮುಗಿಸಿ ಅಂಟಣ್ಣನ ಮುಂದಿಟ್ಟರು. ಅವನು ತನ್ನಲ್ಲಿದ್ದ ಅತಿ ಒಳ್ಳೆಯ ಕೆಂಪು ಬಟ್ಟೆಯನ್ನು ರಟ್ಟಿಗೆ ಹೊದಿಸಿದ. ಸಂಜೆ ಒಣಗಿದ ಪುಸ್ತಕವನ್ನು ಎತ್ತಿಕೊಂಡು ರೇಡಿಯೊ ಕೊನೆಯ ಪುಟ ಓದಿದಳು. ಈಗ ಅದು ಚಿಕ್ಕಮ್ಮ ಬರೆದ ಮೊದಲ ಫಾರಮಿನ ತುದಿ. ವಸತಿಗೃಹದಲ್ಲಿ ದೀಪ ಹೊತ್ತಿತ್ತು, ಮೇಜಿನ ಸುತ್ತ ಎಲ್ಲರೂ ಕೂತಿದ್ದರು.

“‘ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಅಡುಗೆಯವನು ಕೈ ಒರೆಸಿಕೊಳ್ಳುತ್ತ ಎದ್ದು, ಇನ್ನೊಂದು ತಟ್ಟೆ’”

“ತಟ್ಟೆ ಏನು?” ಎಂದ ಅಂಟಣ್ಣ.

“ಅಷ್ಟೇ. ಅಲ್ಲಿಗೆ ನಿಂತಿದೆ.”

“ಸಾಕು” ಎಂದರು ದೊಡ್ಡಕ್ಕ. ಪುಸ್ತಕವನ್ನು ಸೆರಗಿನಲ್ಲಿ ಒರೆಸಿ ಚೀಲಕ್ಕೆ ಹಾಕಿಕೊಂಡರು. ಬಾಗಿಲ ಹತ್ತಿರ ತಿರುಗಿ ನಿಂತು ಎಲ್ಲರಿಗೂ ಕೈ ಮುಗಿದರು. “ಕೆಲಸ ಬಿಟ್ಟವರು ಬಂದು ಕೂತ್ಕೊಂಡ್ರೆ ಕೆಲಸ ಮಾಡೋರಿಗೆ ತೊಂದ್ರೆ. ನಾನು ಹಾಗೆಲ್ಲ ಬರೋಳಲ್ಲಪ್ಪ” ಎಂದು, ಯಾರೂ ಕೇಳದಿದ್ದರೂ, ಹೇಳಿ ಹೋದರು.

ಸೋಮವಾರ ಚಹಾದ ಹೊತ್ತು. ರೇಡಿಯೊ ಚಿಕ್ಕಮ್ಮನ ಹಳೆಯ ಕಾದಂಬರಿಯೊಂದನ್ನು ಮೊದಲಿನಿಂದ ಶುರುಮಾಡಿದ್ದಳು. ಕಿಟಕಿಯ ಪಕ್ಕದ ಜಾಗ ಖಾಲಿಯಿತ್ತು. ಮೇಣದ ಉಂಡೆಯಲ್ಲಿ ಸೂಜಿ ಚುಚ್ಚಿದ ಹಾಗೇ ಇತ್ತು. ಆ ಅಂಗಡಿಯ ಬಾಗಿಲನ್ನು ಯಾರೂ ಎಂದೂ ತಟ್ಟಿದ್ದಿಲ್ಲ, ಕೆಲಸಕ್ಕೆ ಬರುವವರು ತಳ್ಳಿಕೊಂಡೇ ಬರುತ್ತಿದ್ದರು. ಈಗ ಟಕ್ ಟಕ್ ಎಂದು, ಬಹಳ ಮರ್ಯಾದೆಯಿಂದ, ಯಾರೋ ತಟ್ಟಿದರು.

ರೇಡಿಯೊ ಓದು ನಿಲ್ಲಿಸಿದಳು. ಯಜಮಾನರು ಯಂತ್ರದ ಹಿಡಿಯನ್ನು ಮೇಲಕ್ಕೆತ್ತಿ ಹಾಗೇ ಹಿಡಿದುಕೊಂಡರು. ಅಂಟಣ್ಣ ಕೈ ಒರೆಸಿಕೊಳ್ಳುತ್ತ ಎದ್ದು, ಇನ್ನೊಂದು ಲೋಟ ತೊಳೆಯತೊಡಗಿದ.