ಅಕ್ಕ ಹೇಳದೆ ಬಿಟ್ಟ ಅರ್ಧ

ಬೆಳಗಿನ ಮೊದಲ ಬ್ರೆಡ್ಡು ಒಲೆಯಿಂದ ಹೊರಬರುವ ಹೊತ್ತಿಗೆ ಬೇಕರಿಯ ಮುಂದೆ ಜನ ಸೇರುತ್ತಿದ್ದರು. ಅರ್ಧ ಜನ ಬ್ರೆಡ್ಡಿಗೆ ಬಂದವರು, ಇನ್ನರ್ಧ ಅಕ್ಕನ ಬಾಯಿಗೆ ಬಂದವರು. ಬೇಕರಿಯೊಡತಿ ಬೀದಿಗೆಲ್ಲ ಅಕ್ಕನೇ. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಮಾರನೆಯ ದಿನ ಅದು ಅವಳ ಗಂಟಲಲ್ಲಿ ಮನೆ ಮಾಡಿರುತ್ತಿತ್ತು.

"ಅಕ್ಕಾ, ಗುರುಗಳದ್ದು ಒಂದ್ಸಲ ಆಗಲಿ," ಎಂದ ಎದುರಂಗಡಿಯ ಬೀಗ ರಿಪೇರಿಯವನು.

ಗುರುಗಳೆಂದರೆ ಬೇರೆ ಯಾರೂ ಅಲ್ಲ, ಅವಳ ಒಡಹುಟ್ಟಿದ ತಮ್ಮ. ಪ್ರಾರ್ಥನಾ ಮಂದಿರದ ಹಿರಿಯರು ಹೋದ ವರ್ಷ ಅವನನ್ನೇ ಹುಡುಕಿ ಪೀಠದಲ್ಲಿ ಕೂರಿಸಿದ್ದರು. ಓದು ಇತ್ತು, ತಾಳ್ಮೆ ಇತ್ತು. ನಾಲಿಗೆಯೊಂದು ತೊದಲುತ್ತಿತ್ತು.

ಅಕ್ಕ ಹಿಟ್ಟು ಮೆತ್ತಿದ ಕೈಯನ್ನು ಆಶೀರ್ವಾದಕ್ಕೆ ಎತ್ತಿದಳು. ಕಣ್ಣು ಮುಚ್ಚಿ, "ದೇ... ದೇ... ದೇವರು ನಿ... ನಿಮಗೆ..." ಎನ್ನುವಷ್ಟರಲ್ಲಿ ಬೀಗದವನು ಹೊಟ್ಟೆ ಹಿಡಿದುಕೊಂಡು ಬೆಂಚಿನ ಮೇಲೆ ಕುಸಿದಿದ್ದ.

"ಗುರುಗಳನ್ನ ಹೀಗೆ ಆಡ್ಕೋಬಾರದು ಕಣೇ," ಎಂದಳು ಬೇಕರಿಗೆ ಮೊಟ್ಟೆ ತಂದು ಹಾಕುವ ಮೊಟ್ಟೆಯಜ್ಜಿ. ಹಾಗೆನ್ನುವಾಗಲೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

"ನಿಮಗೆ ಗುರುಗಳು ಅಜ್ಜಿ. ನನಗೆ ಮೂಗು ಸುರಿಸೋ ಹುಡುಗ. ಆ ಮೂಗು ಒರೆಸಿದ್ದು ಇದೇ ಕೈ."

ಒರೆಸಿದ್ದು ನಿಜ. ತಾಯಿಯಿಲ್ಲದ ತಮ್ಮನನ್ನು ಇದೇ ಒಲೆಯ ಪಕ್ಕ ಕೂರಿಸಿಕೊಂಡು, ಹಿಟ್ಟು ನಾದುತ್ತಾ, ಹೀಬ್ರೂ ಧರ್ಮಗ್ರಂಥದ ಕಥೆಗಳನ್ನು ಹೇಳಿ ಬೆಳೆಸಿದವಳು ಅವಳೇ. ಅವನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಜನರನ್ನು ಸಮುದ್ರ ದಾಟಿಸಿದ ಪ್ರವಾದಿಯ ಅಕ್ಕನ ಕಥೆ. ಕೂಸು ತಮ್ಮನನ್ನು ಬುಟ್ಟಿಯಲ್ಲಿಟ್ಟು ಹೊಳೆಯಂಚಿನಲ್ಲಿ ಬಿಟ್ಟಾಗ ದೂರದಲ್ಲಿ ನಿಂತು ಕಾವಲು ಕಾದವಳು, ಸಮುದ್ರ ದಾಟಿದ ಮೇಲೆ ದಮ್ಮಡಿ ಬಾರಿಸಿ ಹೆಂಗಸರನ್ನೆಲ್ಲ ಕುಣಿಸಿದವಳು. "ಅಲ್ಲಿಗೆ ಕಥೆ ಮುಗೀತು, ಮಲಕ್ಕೋ," ಎನ್ನುತ್ತಿದ್ದಳು. ಆ ಪ್ರವಾದಿಯ ನಾಲಿಗೆಯೂ ತೊದಲುತ್ತಿತ್ತಂತೆ ಎಂದಾಗ ತಮ್ಮನ ಮುಖ ಒಲೆಗಿಂತ ಹೆಚ್ಚು ಬೆಳಗುತ್ತಿತ್ತು. ಮಂದಿರದ ಹಾಡಿನಲ್ಲಿ ಈಗಲೂ ದಮ್ಮಡಿ ಅಕ್ಕನದೇ.

ಆಮೇಲೆ ಮೊಟ್ಟೆಯಜ್ಜಿಯ ಗಂಡ ತೀರಿಕೊಂಡ. ಕೆಲವು ದಿನ ಕಳೆದು ಒಂದು ಮಧ್ಯಾಹ್ನ ತಮ್ಮ ಬೇಕರಿಗೆ ಬಂದ.

"ಅಕ್ಕ, ಅಜ್ಜಿ ಮೊ... ಮೊ..."

"ಮೊಟ್ಟೆ ಕಳಿಸಿಲ್ಲ, ಗೊತ್ತು. ದುಃಖದ ಮನೆ, ಬಿಡು." ಅವನ ಮಾತನ್ನು ಕಸಿದು ತಾನೇ ಮುಗಿಸುವುದು ಅವಳ ಹಳೆಯ ಚಾಳಿ.

"ಮೊನ್ನೆ ಮಂದಿರಕ್ಕೆ ಬಂದಿದ್ದಳು. ಗಂಡನಿಗೋಸ್ಕರ ಪ್ರಾ... ಪ್ರಾರ್ಥನೆ ಮಾಡಿಸೋಕೆ. ನನ್ನ ನಾಲಿಗೆ ಸಿಕ್ಕಿಕೊಳ್ತು. ಅವಳಿಗೆ ನಗು ಬಂದುಬಿಡ್ತು. ತಡೆಯೋಕೆ ಎಷ್ಟು ಒದ್ದಾಡಿದಳು ಪಾಪ. ಎದ್ದು ಹೋದವಳು ಮತ್ತೆ ಬಂದಿಲ್ಲ. ಅವಳು ಅಳೋಕೆ ಬಂದಿದ್ದಳು ಅಕ್ಕ."

ಅಕ್ಕನ ಕೈ ಹಿಟ್ಟಿನಲ್ಲೇ ನಿಂತಿತು. ತಪ್ಪು ಚುಚ್ಚಿದಾಗ ಸಿಟ್ಟು ಮುಂದೆ ಬರುವ ಜೀವ ಅದು. "ಅಂದ್ರೆ? ನಾನೂ ನಿನ್ನ ಕಾಲಿಗೆ ಬೀಳಬೇಕಾ? ದೇವರು ನಿನ್ನ ಬಾಯಲ್ಲಿ ಮಾತ್ರ ಮಾತಾಡ್ತಾನಾ? ನನ್ನ ಬಾಯಲ್ಲಿ ಆಡಲ್ವಾ?"

ತಮ್ಮ ನಕ್ಕ. "ಆ ಅಕ್ಕನೂ ಇದೇ ಮಾತು ಕೇಳಿದ್ದಳು. ದಮ್ಮಡಿಯವಳು. ಆ ಅರ್ಧ ಕಥೆ ನೀನು ನನಗೆ ಹೇಳಲೇ ಇಲ್ಲ."

ಅಕ್ಕ ಹಿಟ್ಟನ್ನು ಮಗುಚಿ ಹಾಕಿ ಗುದ್ದಿದಳು.

"ನನಗೆ ನ... ನಮಸ್ಕಾರ ಬೇಡ. ನಾನು ಬರೀ ಕೊಡ, ನೀರು ನನ್ನದಲ್ಲ. ಕೊಡಕ್ಕೆ ತೂತು ಬಿದ್ದರೆ ಬಾಯಾರಿ ಬಂದವರು ಎಲ್ಲಿಗೆ ಹೋಗ್ತಾರೆ?" ಅಷ್ಟು ಹೇಳಿ, ಎಂದಿನಂತೆ ಒಂದು ಬನ್ನು ಎತ್ತಿಕೊಂಡು ಹೊರಟುಹೋದ.

ಉಳಿದರ್ಧ ಅವಳಿಗೆ ಗೊತ್ತಿಲ್ಲದ್ದೇನಲ್ಲ. ಭೂಮಿಯ ಮೇಲೆ ಅಂಥ ಸಾಧು ಇನ್ನೊಬ್ಬನಿಲ್ಲ ಎನಿಸಿಕೊಂಡ ತಮ್ಮನನ್ನು ಹಳಿದದ್ದಕ್ಕೆ ದೇವರು ಮುನಿದು, ಆ ಅಕ್ಕನ ಮೈ ತೊನ್ನು ಹತ್ತಿ ಹಿಮದಂತೆ ಬೆಳ್ಳಗಾಗಿ, ಅವಳು ಏಳು ದಿನ ಪಾಳೆಯದ ಹೊರಗೆ ಕೂರಬೇಕಾಗಿತ್ತು. ಬೇಕರಿಯಕ್ಕ ಮೊಣಕೈವರೆಗೆ ಬೆಳ್ಳಗಿದ್ದ ತನ್ನ ಕೈ ನೋಡಿಕೊಂಡಳು. ಹೋಗಿ ತೊಳೆದಳು. ಮತ್ತೊಮ್ಮೆ ತೊಳೆದಳು.

ಸಂಜೆ ಬಿಸಿ ಬ್ರೆಡ್ಡು ಹಿಡಿದು ಮೊಟ್ಟೆಯಜ್ಜಿಯ ಬಾಗಿಲು ತಟ್ಟಿದಳು. "ನಗಿಸಿದವಳು ನಾನು ಅಜ್ಜಿ. ತಪ್ಪು ನಿಮ್ಮದಲ್ಲ."

"ನನ್ನ ಮುದುಕ ಇದ್ದಿದ್ರೆ ನನಗಿಂತ ಜೋರಾಗಿ ನಗ್ತಿದ್ದ," ಎಂದಳು ಅಜ್ಜಿ. ಹಾಗೆಂದವಳೇ ಅವಳ ಹೆಗಲಿಗೊರಗಿ, ಅಂದಿನಿಂದ ಹಿಡಿದಿಟ್ಟ ಅಳುವನ್ನೆಲ್ಲ ಅತ್ತಳು. ಮಾರನೆಯ ದಿನ ಬೀಗದವನು ಮತ್ತೆ ಗುರುಗಳ ದನಿ ತೆಗಿ ಎಂದಾಗ ಅಕ್ಕ, "ಬ್ರೆಡ್ಡು ತಗೊಂಡು ಹೋಗ್ತೀಯೋ, ನಿನ್ನ ದನಿ ತೆಗೀಲೋ?" ಎಂದಳು. ಅವನು ಬ್ರೆಡ್ಡು ತಗೊಂಡ.

ಆದರೆ ಮಂದಿರಕ್ಕೆ ಹೋಗಲು ಅವಳಿಗೆ ಮುಖವಿರಲಿಲ್ಲ. ಊರವರು ಹೊಸದಾಗಿ ಕಟ್ಟಿಸಿದ ಮಂದಿರಕ್ಕೆ ಧರ್ಮಗ್ರಂಥವನ್ನು ಮೆರವಣಿಗೆಯಲ್ಲಿ ಒಯ್ಯುವ ದಿನವೂ ಬೇಕರಿಯ ಬಾಗಿಲು ಮುಚ್ಚಿಕೊಂಡು, ಯಾರಿಗೂ ಬೇಡದ ಹಿಟ್ಟನ್ನು ನಾದುತ್ತಾ ಕೂತಳು. ಹಾಡು ಈಗ ಕೇಳೀತು, ಆಗ ಕೇಳೀತು ಎಂದು ಕಿವಿ ಅತ್ತಲೇ ಇತ್ತು. ಹಾಡು ಕೇಳಲಿಲ್ಲ. ಕೇಳಿದ್ದು ಹೆಜ್ಜೆಗಳ ಸಪ್ಪಳ. ಅದೂ ತನ್ನ ಬಾಗಿಲಿಗೇ ಬಂದು ನಿಂತಿತು.

ತೆರೆದು ನೋಡಿದರೆ ಮಂದಿರದ ಜನವೆಲ್ಲ ಬೀದಿಯಲ್ಲಿ. ಮುಂದೆ ಗ್ರಂಥ ಹಿಡಿದ ತಮ್ಮ. ಪಕ್ಕದಲ್ಲಿ ಅವಳ ದಮ್ಮಡಿ ಹಿಡಿದ ಮೊಟ್ಟೆಯಜ್ಜಿ.

"ಗುರುಗಳು ನೀನಿಲ್ಲದೆ ಮುಂದೆ ಹೋಗಲ್ಲ ಅಂತಾರೆ," ಎಂದಳು ಅಜ್ಜಿ. "ಕಥೆಯಲ್ಲೂ ಹಾಗೇ ಅಂತೆ. ಆ ತಮ್ಮನೇ ಅಕ್ಕನಿಗೋಸ್ಕರ ದೇವರನ್ನ ಬೇಡಿಕೊಂಡನಂತೆ. ಅವಳು ಒಳಗೆ ಬರೋವರೆಗೂ ಅಷ್ಟು ಜನ ಹೊರಡದೆ ಕಾದರಂತೆ. ಬೇಗ ಬಾರೇ, ಕಾಲು ಸುಡ್ತಿದೆ."

ಏಳು ದಿನದ ಶಿಕ್ಷೆ ಅಕ್ಕನಿಗೆ ಚೆನ್ನಾಗಿ ನೆನಪಿತ್ತು. ಜನ ಕಾದದ್ದು ಮರೆತೇಹೋಗಿತ್ತು.

ತಮ್ಮ ಮುಂದೆ ಬಂದ. "ಅ... ಅ... ಅಕ್ಕ, ಹೊ... ಹೊ..."

ಮಾತು ಅವಳ ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಬಾಯಿ ಬಿಗಿಹಿಡಿದು ನಿಂತಳು. ಇಡೀ ಬೀದಿ ಅವಳ ಜೊತೆ ಕಾಯಿತು.

"...ಹೊರಡೋಣವಾ?"

ಅಕ್ಕ ತಲೆ ಬಾಗಿಸಿದಳು. "ಹೊರಡೋಣ, ಗುರುಗಳೇ."

ಆ ಹೆಸರಿನಿಂದ ಅವಳು ಅವನನ್ನು ಕರೆದದ್ದು ಅದೇ ಮೊದಲು. ಗುರುಗಳ ಕಣ್ಣು ತುಂಬಿತು, ಮೂಗೂ ಸುರಿಯಿತು. ಅಕ್ಕ ಹತ್ತಿರ ಸರಿದು, ತನ್ನ ಸೆರಗಿನ ಅಂಚಿನಿಂದ ಅದನ್ನು ಒರೆಸಿ, ಅಜ್ಜಿಯ ಕೈಯಿಂದ ದಮ್ಮಡಿ ಇಸಿದುಕೊಂಡಳು. ಮೊದಲ ಪೆಟ್ಟಿಗೇ ಅವಳ ಕೈಯ ಹಿಟ್ಟು ಬಿಳಿ ಮೋಡವಾಗಿ ಎದ್ದು ಗುರುಗಳ ಗಡ್ಡದ ಮೇಲೆ ಇಳಿಯಿತು. ಬೀದಿಯೆಲ್ಲ ನಕ್ಕಿತು, ಎಲ್ಲರಿಗಿಂತ ಜೋರಾಗಿ ಗುರುಗಳೇ ನಕ್ಕರು, ಮೆರವಣಿಗೆ ಹೊರಟಿತು.