ಜೇಬಿನ ಮೇಲಿನ ಶಾಯಿ

ಹೊಲಿಗೆ ಮಷೀನಿನ ಸದ್ದು ಇದ್ದಕ್ಕಿದ್ದಂತೆ ನಿಂತಿತು. ದಾರ ತುಂಡಾಗಿರಬೇಕು ಅಂದುಕೊಂಡು ನಾನು ಇಸ್ತ್ರಿ ಮುಂದುವರಿಸಿದೆ. ಆದರೆ ದಾರ ತುಂಡಾದರೆ ನನ್ನ ಸೊಸೆ ಮಷೀನಿಗೆ ಒಂದೆರಡು ಮಾತು ಬೈಯದೆ ಬಿಡುವವಳಲ್ಲ. ಅವತ್ತು ಬೈಗುಳವೂ ಕೇಳಿಸಲಿಲ್ಲ. ತಿರುಗಿ ನೋಡಿದರೆ ಫೋನು ಅವಳ ಮಡಿಲಲ್ಲಿತ್ತು, ಮುಖ ಸುಣ್ಣ ಬಳಿದ ಹಾಗಿತ್ತು.

"ಏನಾಯ್ತೇ?"

ಅವಳು ಫೋನನ್ನು ನನ್ನ ಕೈಗಿಟ್ಟಳು. ಕನ್ನಡಕ ಏರಿಸಿಕೊಂಡು ಓದಿದೆ. ಮೇಲೆ ಒಂದೇ ಒಂದು ಸ್ಟಾರ್ ಇತ್ತು. ಅದರ ಕೆಳಗೆ ಹೀಗಿತ್ತು: 'ಇವರು ಕಳ್ಳರು. ತೀರಿಹೋದ ನಮ್ಮಪ್ಪನ ಅಂಗಿ ಕಳಿಸಿದ್ದೆ. ಅದನ್ನು ಎಲ್ಲೋ ಬಿಸಾಡಿ, ಅದೇ ಬಣ್ಣದ ಬೇರೆ ಬಟ್ಟೆ ಹಾಕಿ ಹೊಲಿದಿದ್ದಾರೆ. ಅಪ್ಪನ ಅಂಗಿಯ ಜೇಬಿನ ಮೇಲೆ ಶಾಯಿ ಕಲೆ ಇತ್ತು. ಇದರಲ್ಲಿ ಇಲ್ಲ. ಸತ್ತವರ ಹೆಸರಿನಲ್ಲಿ ಮೋಸ ಮಾಡುವ ಇಂಥವರಿಂದ ದೂರವಿರಿ.'

ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆಯೇ ನನಗೆ ಇಸ್ತ್ರಿಪೆಟ್ಟಿಗೆಯ ನೆನಪಾದದ್ದು. ಪುಣ್ಯಕ್ಕೆ ಅದರ ಕೆಳಗಿದ್ದದ್ದು ನಮ್ಮ ಮನೆಯದೇ ದಿಂಬಿನ ಚೀಲ.

ನಮ್ಮ ವ್ಯಾಪಾರ ಎಂಥದ್ದು ಎಂದು ಹೇಳಿಬಿಡುತ್ತೇನೆ. ತೀರಿಕೊಂಡವರ, ದೂರ ಹೋದವರ, ಬೆಳೆದು ದೊಡ್ಡವರಾದ ಮಕ್ಕಳ ಹಳೆಯ ಬಟ್ಟೆಗಳನ್ನು ಜನ ನಮಗೆ ಪಾರ್ಸೆಲ್ ಮಾಡುತ್ತಾರೆ. ಸೊಸೆ ಅವನ್ನು ಚೌಕಚೌಕವಾಗಿ ಕತ್ತರಿಸಿ, ಜೋಡಿಸಿ, ಕೌದಿ ಹೊಲಿದು ವಾಪಸು ಕಳಿಸುತ್ತಾಳೆ. ಆರ್ಡರು ಬರುವುದೆಲ್ಲ ಆನ್‌ಲೈನ್ ಬಜಾರಿನಿಂದ. ಅವಳು ಕೆಲಸ ಮಾಡುತ್ತಿದ್ದ ಬಟ್ಟೆ ಕಾರ್ಖಾನೆ ಮುಚ್ಚಿಹೋದಾಗ ಗೋಡೆ ನೋಡಿಕೊಂಡು ಕೂತಿದ್ದವಳನ್ನು ಎಬ್ಬಿಸಿ ನಿಲ್ಲಿಸಿದ್ದು ಈ ಅಂಗಡಿಯೇ. ಇದೂ ಹೋದರೆ ಅವಳು ಮತ್ತೆ ಆ ಗೋಡೆಯ ಮುಂದೆ ಕೂರುವುದನ್ನು ನೋಡುವ ಶಕ್ತಿ ನನಗಿಲ್ಲ.

ಒಗೆಯುವುದು ನಮ್ಮವರು, ಇಸ್ತ್ರಿ ನಾನು, ಕತ್ತರಿ ಮತ್ತು ಹೊಲಿಗೆ ಅವಳು. ನಮ್ಮವರಿಗೆ ಒಗೆಯಲು ಯಾರೂ ಹೇಳಿರಲಿಲ್ಲ. ಚಳಿಗಾಲದಲ್ಲಿ ಸೊಸೆಯ ಬೆರಳು ಬಿರುಕು ಬಿಟ್ಟದ್ದನ್ನು ನೋಡಿ, "ಸೋಪಿನ ಕೆಲಸ ನನಗಿರಲಿ, ಸೂಜಿ ಹಿಡಿಯೋ ಕೈ ಅದು" ಎಂದು ಬಕೆಟ್ಟನ್ನು ತಮ್ಮ ಕಡೆ ಎಳೆದುಕೊಂಡರು. ಅಂದಿನಿಂದ ಬಚ್ಚಲು ಅವರ ಆಫೀಸು.

"ಅದಲುಬದಲು ಏನಾದ್ರೂ ಆಗಿರಬಹುದಾ?" ಎಂದು ಮೆಲ್ಲಗೆ ಕೇಳಿದೆ.

"ಸಾಧ್ಯನೇ ಇಲ್ಲ ಅತ್ತೆ. ಒಬ್ಬೊಬ್ಬರ ಬಟ್ಟೆಗೂ ಒಂದೊಂದು ಚೀಲ. ಒಂದು ಮುಗಿಯೋವರೆಗೆ ಇನ್ನೊಂದು ಬಿಚ್ಚಲ್ಲ ನಾನು." ಹೀಗೆ ಹೇಳುತ್ತಲೇ ಅವಳು ಹಳೆಯ ಫೋಟೊಗಳನ್ನು ಹುಡುಕಿದಳು. ಪಾರ್ಸೆಲ್ ಬಿಚ್ಚಿದ ಕೂಡಲೇ ಪ್ರತಿ ಬಟ್ಟೆಯದೂ ಒಂದು ಫೋಟೊ ತೆಗೆದಿಡುವುದು ಅವಳ ಪದ್ಧತಿ. ಸಿಕ್ಕಿತು. ತಿಳಿನೀಲಿ ಅಂಗಿ. ಜೇಬಿನ ಮೇಲೆ ಮಗುವಿನ ಅಂಗೈಯಷ್ಟು ಅಗಲಕ್ಕೆ ಹರಡಿದ ಶಾಯಿ.

ಆಮೇಲೆ ಹೊಲಿದು ಮುಗಿಸಿದ ಕೌದಿಯ ಫೋಟೊ ತೆರೆದಳು. ನಟ್ಟನಡುವೆ ಅದೇ ಜೇಬು. ಕಲೆಯ ಸುಳಿವೇ ಇಲ್ಲ.

ಅವಳು ಬೆರಳಿನಿಂದ ಹಿಂದಕ್ಕೂ ಮುಂದಕ್ಕೂ ತಳ್ಳಿ ಎರಡನ್ನೂ ನೋಡಿದಳು. ಆಮೇಲೆ ಎದ್ದು ಚೂರು ತುಂಬುವ ಮೂಟೆಯನ್ನು ನೆಲಕ್ಕೆ ಸುರಿದಳು. ಅದರಲ್ಲಿ ಏನನ್ನು ಹುಡುಕುತ್ತಿದ್ದಾಳೆ ಎಂದು ಅವಳಿಗೇ ಗೊತ್ತಿದ್ದಂತಿರಲಿಲ್ಲ. "ನಾನೇ ಏನೋ ಮಾಡಿದೀನಿ ಅತ್ತೆ. ನನ್ನ ಕೈಯಲ್ಲೇ ಏನೋ ಆಗಿದೆ."

ಅಷ್ಟರಲ್ಲಿ ನಮ್ಮವರು ಎರಡು ಲೋಟ ಚಹಾ ಹಿಡಿದು ಬಂದರು. ಸೊಸೆಯ ಲೋಟದ ಮೇಲೆ ತಟ್ಟೆ ಮುಚ್ಚಿತ್ತು. ಅವಳು ಕೆಲಸದ ನಡುವೆ ತಡಮಾಡಿ ಕುಡಿಯುವಷ್ಟರಲ್ಲಿ ಆರದಿರಲಿ ಎಂದು ಅವರು ಹಾಗೆ ಮುಚ್ಚಿ ತರುತ್ತಾರೆ.

"ಏನಿದು, ಕಳ್ಳರು ನುಗ್ಗಿದ ಮನೆ ಆಗಿದೆ?"

ಆ ಮಾತಿಗೆ ಸೊಸೆ ಬೆಚ್ಚಿದಳು. ಅವರ ಕಣ್ಣು ಫೋನಿನ ಮೇಲೆ ಬಿತ್ತು. ಅದರಲ್ಲಿ ಕಲೆಯಿದ್ದ ಅಂಗಿಯ ಫೋಟೊ ಇತ್ತು.

"ಓ, ಇದಾ. ಇದು ಚೆನ್ನಾಗಿ ನೆನಪಿದೆ ನಂಗೆ. ಎಂಥಾ ಹಟಮಾರಿ ಕಲೆ ಅಂತೀಯ. ಹಾಲಲ್ಲಿ ನೆನೆಹಾಕಿದೆ, ಜಗ್ಗಲಿಲ್ಲ. ನಿಂಬೆರಸ ಹಚ್ಚಿ ಹತ್ತಿಯಲ್ಲಿ ಒತ್ತಿ ಒತ್ತಿ ತೆಗೆದೆ. ಜೀವಮಾನವೆಲ್ಲ ಪ್ರೆಸ್ಸಲ್ಲಿ ಶಾಯಿ ಜೊತೆ ಸಂಸಾರ ಮಾಡಿದವನು ನಾನು, ನನ್ನ ಹತ್ರ ನಡೆಯುತ್ತಾ? ಪಾಪ, ಸತ್ತವರ ಅಂಗಿ. ಕೊಳಕಾಗಿ ಯಾಕೆ ಕಳಿಸೋದು ಅನ್ನಿಸ್ತು."

ನನ್ನ ಗಂಡ ಅಚ್ಚುಕೂಟದಲ್ಲಿ ಪ್ರೂಫ್ ನೋಡುತ್ತಿದ್ದವರು. ತಪ್ಪು ಕಂಡರೆ ಕೈ ಸುಮ್ಮನಿರುವುದಿಲ್ಲ. ಅವರ ಮುಖದಲ್ಲಿ ಆಗ ಇದ್ದದ್ದು ಶುದ್ಧ ಸಂತೋಷ. ಒಳ್ಳೆಯದನ್ನೇ ಮಾಡಿದ ಮನುಷ್ಯ, ಮಾಡಿದ್ದು ಏನೆಂದು ತಿಳಿಯದೆ ನಮ್ಮಿಬ್ಬರ ಮುಂದೆ ನಗುತ್ತ ನಿಂತಿದ್ದರು.

ಸೊಸೆ ಫೋನನ್ನು ಮೆಲ್ಲಗೆ ಮಗುಚಿ ಇಟ್ಟಳು. "ಎಷ್ಟು ನೀಟಾಗಿ ತೆಗೆದಿದ್ದೀರಿ ಮಾವ. ಗುರುತೇ ಇಲ್ಲ."

"ಅವರು ರಿವ್ಯೂ ಬರೆದಿರಬೇಕಲ್ಲ? ಇವತ್ತಿನ್ನೂ ಓದಿಲ್ಲ ನಾನು."

ಅಂಗಡಿಗೆ ಬರುವ ರಿವ್ಯೂಗಳೇ ಅವರ ದಿನಪತ್ರಿಕೆ. ಪ್ರತಿದಿನ ಬೆಳಿಗ್ಗೆ ಕಂಪ್ಯೂಟರಿನ ಮುಂದೆ ಕೂತು, ಕಾಗುಣಿತದ ತಪ್ಪುಗಳ ಸಮೇತ ಮನೆಗೆಲ್ಲ ಕೇಳುವಂತೆ ಓದುತ್ತಾರೆ.

"ನೆಟ್ ಹೋಗಿದೆ ಮಾವ," ಎಂದಳು ಸೊಸೆ. ಅವಳ ಕಾಲಿನ ಹೆಬ್ಬೆರಳು ಗೋಡೆಬದಿಯ ಸ್ವಿಚ್ಚನ್ನು ಒತ್ತಿದ್ದನ್ನೂ, ನೆಟ್ಟಿನ ಪೆಟ್ಟಿಗೆಯ ಹಸಿರು ದೀಪ ಆರಿದ್ದನ್ನೂ ಕಂಡದ್ದು ನಾನೊಬ್ಬಳೇ. ಕಳ್ಳಿ ಅನ್ನಿಸಿಕೊಂಡ ಗಳಿಗೆಯಲ್ಲೂ ಅವಳಿಗೆ ಮೊದಲು ಹೊಳೆದದ್ದು ಮಾವನ ಮುಖ ಬಾಡಬಾರದು ಎಂಬುದು.

"ವೈರು ಸಡಿಲ ಆಗಿರಬೇಕು. ನೋಡ್ತೀನಿ ತಾಳು," ಎಂದು ಅವರು ಟಾರ್ಚು ಹುಡುಕಿಕೊಂಡು ಹೋದರು.

ಆ ದಿನವಿಡೀ ಅವರು ವೈರಿನ ಬೆನ್ನು ಹತ್ತಿ ಅಟ್ಟ, ಕಿಟಕಿ, ಹಿತ್ತಲು ಎಲ್ಲ ಸುತ್ತಿದರು. ಸೊಸೆ ತನ್ನ ಫೋನಿನ ನೆಟ್ಟಿನಲ್ಲಿ ಆ ಗಿರಾಕಿ ಹೆಂಗಸಿಗೆ, ಬೇರೆ ಯಾರಿಗೂ ಕಾಣದ ಹಾಗೆ, ಮೆಸೇಜು ಬರೆದಳು. ಬಂದ ದಿನದ ಫೋಟೊ ಕಳಿಸಿ, ಅಂಗಿ ನಿಮ್ಮ ತಂದೆಯದೇ, ಒಗೆಯುವಾಗ ಕಲೆ ಹೋಗಿದೆ, ದಯವಿಟ್ಟು ಕ್ಷಮಿಸಿ ಎಂದಳು. ಮಧ್ಯಾಹ್ನ ಬಜಾರಿನವರ ನೋಟಿಸು ಬಂತು: ವಸ್ತು ಬದಲಿಸಿದ ಆರೋಪ ಬಂದಿದೆ, ನಾಳೆ ಸಂಜೆಯೊಳಗೆ ಉತ್ತರ ಕೊಡದಿದ್ದರೆ ಅಂಗಡಿ ಮುಚ್ಚಲಾಗುವುದು.

ಸಂಜೆ ಮಗ ಔಷಧಿ ಅಂಗಡಿಯ ಕೆಲಸ ಮುಗಿಸಿ ಬಂದ. ಎಲ್ಲ ಕೇಳಿ ಚಪ್ಪಲಿ ಬಿಡುವುದನ್ನೂ ಮರೆತ.

"ಇದರಲ್ಲಿ ಯೋಚನೆ ಮಾಡೋದು ಏನಿದೆ? ಕಲೆ ಇತ್ತು, ಒಗೆದ್ವಿ, ಹೋಯ್ತು. ಅವಳ ರಿವ್ಯೂ ಕೆಳಗೇ ಬರಿ. ಎಲ್ಲರೂ ನೋಡ್ಲಿ."

"ಎಲ್ಲರೂ ನೋಡೋದೇ ಕಷ್ಟ. ಮಾವನೂ ನೋಡ್ತಾರಲ್ಲ."

"ನೋಡ್ಲಿ. ಅಪ್ಪ ಏನು ಚಿಕ್ಕ ಮಗುನಾ?"

"ಚಿಕ್ಕ ಮಗು ಆಗಿದ್ರೆ ಹೇಳಬಹುದಿತ್ತು. ನಾಳೆಗೆ ಮರೀತಿತ್ತು. ಇವರು ಮರೆಯೋರಾ?"

"ಹಂಗಂತ ಕಳ್ಳಿ ಅನ್ನಿಸ್ಕೊಂಡು ಕೂತಿರ್ತೀಯಾ? ಚೆನ್ನಾಗಿದೆ ನಿನ್ನ ಸೊಸೆತನ."

"ನಿಮ್ಮ ಔಷಧಿ ಅಂಗಡಿಯಲ್ಲಿ ಇದಕ್ಕೇನಾದ್ರೂ ಗುಳಿಗೆ ಇದ್ರೆ ತಂದು ಕೊಡಿ, ಇಲ್ಲಾಂದ್ರೆ ಸುಮ್ಮನಿರಿ. ಅವಳು ಮೆಸೇಜು ಓದಿ ಒಪ್ಪಿಕೊಂಡು ರಿವ್ಯೂ ತೆಗೆದ್ರೆ ಆಯ್ತು. ಮಾವನಿಗೆ ಗೊತ್ತಾಗೋದೇ ಬೇಡ."

"ಅಮ್ಮ, ನೀನಾದ್ರೂ ಹೇಳು ಇವಳಿಗೆ."

"ನಿಮ್ಮಪ್ಪ ಎಲ್ಲಿ?" ಎಂದೆ ನಾನು, ಬೇರೇನೂ ತೋಚದೆ.

"ಹಿತ್ತಲಲ್ಲಿರಬೇಕು," ಎಂದಳು ಸೊಸೆ.

ಫೋನು ಸದ್ದು ಮಾಡಿತು. ಸೊಸೆ ಆತುರದಿಂದ ತೆಗೆದಳು. "ಅವಳದೇ. ಫೋಟೊ ನೋಡಿದಳಂತೆ. ಅಂಗಿ ಅಪ್ಪನದೇ ಅಂತ ಒಪ್ಪಿದಾಳೆ." ಮಗ ಉಸಿರು ಬಿಟ್ಟು ಕುರ್ಚಿ ಎಳೆದುಕೊಂಡ. ಸೊಸೆ ಮುಂದಕ್ಕೆ ಓದಿದಳು. ಓದುತ್ತ ಓದುತ್ತ ಅವಳ ದನಿ ಇಳಿಯಿತು.

'ನಾನು ಚಿಕ್ಕವಳಿದ್ದಾಗ ಅಪ್ಪನ ಜೇಬಿಗೆ ಮುಚ್ಚಳ ಹಾಕದ ಪೆನ್ನು ಸಿಕ್ಕಿಸಿದ್ದೆ. ಅಪ್ಪ ಬೈಯಲಿಲ್ಲ. ಅಮ್ಮ ಒಗೆಯಲು ಹೋದರೆ ಬಿಡಲಿಲ್ಲ. ನನ್ನ ಮಗಳು ಹಾಕಿದ ರುಜು ಎಂದು ಎಲ್ಲರಿಗೂ ತೋರಿಸಿಕೊಂಡು ಅದೇ ಅಂಗಿ ಹಾಕುತ್ತಿದ್ದರು. ನೀವು ಕಳ್ಳರೇ ಆಗಿದ್ದರೆ ಚೆನ್ನಾಗಿತ್ತು. ಆ ಅಂಗಿ ಎಲ್ಲೋ ಒಂದು ಕಡೆ ಇದೆ, ಎಂದಾದರೂ ಸಿಕ್ಕೀತು ಅಂದುಕೊಂಡು ಇರುತ್ತಿದ್ದೆ. ಈಗ ಎಲ್ಲಿ ಹುಡುಕಲಿ ಹೇಳಿ.'

ಬೆಳಗಿನಿಂದ ಆ ಹೆಂಗಸನ್ನು ಮನಸ್ಸಿನಲ್ಲೇ ಶಪಿಸುತ್ತಿದ್ದ ನನಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಕಳ್ಳರಾಗಿದ್ದರೆ ಚೆನ್ನಾಗಿತ್ತು. ಇಷ್ಟು ವರ್ಷ ಬದುಕಿ ಇಂಥ ಮಾತನ್ನು ನಾನು ಕೇಳಿರಲಿಲ್ಲ.

ಆಗ ಕತ್ತರಿಸುವ ಮೇಜಿನ ಕೆಳಗಿನಿಂದ, ನೆಲದವರೆಗೆ ಇಳಿಬಿದ್ದ ಬಟ್ಟೆಯ ಹಿಂದೆ, ಏನೋ ಸರಿದಾಡಿತು. ಮೊದಲು ಟಾರ್ಚಿನ ಬೆಳಕು ಬಂತು. ಹಿಂದೆಯೇ ನಮ್ಮವರು ಅಂಗೈ ಊರಿ ತೆವಳಿಕೊಂಡು ಹೊರಗೆ ಬಂದರು. ತಲೆಗೂದಲಿಗೆ ದಾರದ ಎಳೆಗಳು ಅಂಟಿದ್ದವು.

"ವೈರು ಸರಿಯಾಗೇ ಇದೆ," ಎಂದರು. "ಸ್ವಿಚ್ಚು ಆಫ್ ಆಗಿತ್ತು."

ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ಅವರು ಕೈ ಚಾಚಿದರು. ಫೋನು ಕೊಡದೆ ಗತಿಯಿರಲಿಲ್ಲ. ಬೆಳಗಿನ ರಿವ್ಯೂವನ್ನೂ, ಈಗ ಬಂದದ್ದನ್ನೂ ಅವರು ಬಟ್ಟೆಗಂಟಿನ ಮೇಲೆ ಕೂತು ಓದಿದರು. ಅವರು ಒಂದು ರಿವ್ಯೂವನ್ನು ದನಿ ತೆಗೆಯದೆ ಓದಿದ್ದು ಅದೇ ಮೊದಲು. ಆಮೇಲೆ ತಮ್ಮ ಬೆರಳುಗಳನ್ನು, ಬೇರೆಯವರದ್ದು ಎಂಬಂತೆ, ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ತಪ್ಪು ನಂದು ಮಾವ. ಕಲೆ ಮುಟ್ಟಬೇಡಿ ಅಂತ ನಾನು ಮೊದಲೇ ಹೇಳಬೇಕಿತ್ತು."

"ಹೇಳಿದ್ರೂ ಮುಟ್ತಿದ್ದೆ ಕಣಮ್ಮ."

ರಾತ್ರಿ ಅವರು ಊಟಕ್ಕೆ ಕೂತರು, ಆದರೆ ತಟ್ಟೆಯಲ್ಲಿದ್ದದ್ದು ಹಾಗೆಯೇ ಇತ್ತು. ಸೊಸೆ ಅದನ್ನು ಒಂದು ಡಬ್ಬಿಗೆ ಹಾಕಿ, ಅವರ ಕೈಗೆಟುಕುವ ಕಡೆ ಇಟ್ಟಳು.

ಮರುದಿನ ಬೆಳಿಗ್ಗೆ ಅವರೇ ಹೋಗಿ ಸ್ವಿಚ್ಚು ಹಾಕಿ, ಕಂಪ್ಯೂಟರಿನ ಮುಂದೆ ಕೂತರು. ಉತ್ತರ ಬರೆಯುತ್ತೇನೆ ಎಂದರು. ಎಲ್ಲರಿಗೂ ಕಾಣುವ ಜಾಗದಲ್ಲಿ, ಆ ರಿವ್ಯೂವಿನ ಕೆಳಗೇ.

"ಬೇಡ ಮಾವ. ಬಜಾರಿನವರಿಗೆ ಮಾತ್ರ ಬರೆದ್ರೆ ಸಾಕು. ಊರಿಗೆಲ್ಲ ಯಾಕೆ ನಿಮ್ಮ ವಿಷಯ?"

"ಅವಳು ಕಳ್ಳರು ಅಂತ ಊರಿಗೆಲ್ಲ ಕೇಳೋ ಹಾಗೆ ಹೇಳಿದಾಳೆ. ಅದು ನಿನ್ನ ಅಂಗಡಿ ಮೇಲೆ ಬಿದ್ದಿದೆ. ಒರೆಸೋದು ನನ್ನ ಕೆಲಸ ಅಲ್ವಾ?"

"ಅಪ್ಪ, ತಪ್ಪು ನಮ್ಮದು ಅಂತ ನಾವೇ ಬರೆದ್ರೆ ಯಾರೂ ಬಟ್ಟೆ ಕಳಿಸಲ್ಲ," ಎಂದ ಮಗ.

"ಕಳಿಸದಿದ್ರೆ ನಮ್ಮ ಬಟ್ಟೆ ಒಗ್ಕೊಂಡು ಇರೋಣ," ಎಂದು ಟೈಪು ಮಾಡಲು ಶುರುಮಾಡಿದರು.

'ಕಲೆ ತೆಗೆದವನು ನಾನು, ಈ ಅಂಗಡಿ ನಡೆಸುವವಳ ಮಾವ. ಬಟ್ಟೆ ಬದಲಾಗಿಲ್ಲ, ಬಂದ ದಿನದ ಫೋಟೊ ಹಾಕಿದ್ದೇನೆ. ನೀವು ಬರೆಯುವವರೆಗೆ ನನ್ನ ಸೊಸೆಗೆ ಈ ವಿಷಯ ಗೊತ್ತಿರಲಿಲ್ಲ. ಕಲೆ ಅಂದರೆ ಹೋಗಬೇಕಾದದ್ದು ಎಂದೇ ಇಷ್ಟು ವರ್ಷ ತಿಳಿದಿದ್ದೆ. ನಿಮ್ಮನ್ನು ಒಂದು ಮಾತು ಕೇಳಬೇಕಿತ್ತು. ತೆಗೆದದ್ದನ್ನು ಮತ್ತೆ ಹಾಕಲು ನನಗೆ ಬರುವುದಿಲ್ಲ.'

ಬರೆದದ್ದನ್ನು ಹಳೆಯ ಅಭ್ಯಾಸದಂತೆ ತಪ್ಪು ಹುಡುಕುತ್ತ ಮತ್ತೆ ಓದಿದರು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟವರಿಗೆ ಒತ್ತಲಾಗಲಿಲ್ಲ. ಹಿಂದೆ ನಿಂತಿದ್ದ ಮಗ, ಅಷ್ಟೆಲ್ಲ ವಾದ ಮಾಡಿದವನು, ಬಗ್ಗಿ ಅಪ್ಪನ ಬೆರಳಿನ ಮೇಲೆ ತನ್ನ ಬೆರಳಿಟ್ಟು ಒತ್ತಿದ.

ಬಜಾರಿನವರು ಆರೋಪ ಕೈಬಿಟ್ಟರು. ಅಂಗಡಿ ಉಳಿಯಿತು. ಆದರೆ ಹೊಸ ಆರ್ಡರುಗಳು ಬರಲಿಲ್ಲ, ಕಳಿಸಿದ್ದ ಒಬ್ಬರು ತಮ್ಮ ಪಾರ್ಸೆಲನ್ನು ಬಿಚ್ಚದೆ ವಾಪಸು ಕಳಿಸಿ ಎಂದರು. ಸೊಸೆ ಮಷೀನಿಗೆ ಎಣ್ಣೆ ಹಾಕಿ ಒರೆಸುವುದನ್ನೇ ಕೆಲಸ ಮಾಡಿಕೊಂಡಳು. ಅವಳ ಕಣ್ಣು ಗೋಡೆಯ ಕಡೆ ಹೋದಾಗಲೆಲ್ಲ ನಾನು ಏನಾದರೂ ಮಾತು ತೆಗೆಯುತ್ತಿದ್ದೆ.

ಒಂದು ಬೆಳಿಗ್ಗೆ ಕಂಪ್ಯೂಟರಿನ ಕೋಣೆಯಿಂದ ನಮ್ಮವರ ದನಿ ಕೇಳಿಸಿತು. ಜೋರಾಗಿ ಓದುತ್ತಿದ್ದರು. ನಾನೂ ಸೊಸೆಯೂ ಓಡಿದೆವು. ಆ ಹೆಂಗಸು ರಿವ್ಯೂ ಬದಲಿಸಿದ್ದಳು.

'ಕಳ್ಳರಲ್ಲ. ಹೊಲಿಗೆ ಚೆನ್ನಾಗಿದೆ. ಕೇಳದೆ ಕಲೆ ತೆಗೆದರು.'

ಸ್ಟಾರ್ ಮಾತ್ರ ಒಂದೇ.

"ಇದ್ಯಾವ ನ್ಯಾಯ ಮಾವ? ಕಳ್ಳರಲ್ಲ ಅಂತಾಳೆ, ಹೊಲಿಗೆ ಚೆನ್ನಾಗಿದೆ ಅಂತಾಳೆ. ಬಜಾರಿನವರಿಗೆ ಬರೆದ್ರೆ ತೆಗೆಸಬಹುದು. ಬರೀಲಾ?"

"ಬೇಡ, ಇರಲಿ ಬಿಡು," ಎಂದರು. "ನಾನಾಗಿದ್ರೆ ಆ ಒಂದನ್ನೂ ಕೊಡ್ತಿರಲಿಲ್ಲ."

ಸೊಸೆ ಕಂಪ್ಯೂಟರಿನ ಆ ಪುಟ ಮುಚ್ಚಿದಳು. ಮತ್ತೆ ಆ ಮಾತು ಎತ್ತಲಿಲ್ಲ.

ಅದಾದ ಮೇಲೆ ಬಂದ ಮೊದಲ ಪಾರ್ಸೆಲಿನಲ್ಲಿ ತೀರಿಕೊಂಡ ಗಂಡಸೊಬ್ಬನ ಕೋಟು ಇತ್ತು. ಗಿರಾಕಿ ಅವನ ಹೆಂಡತಿ. ತೋಳಿನ ತುದಿಯಲ್ಲಿ ಕಂದು ಬಣ್ಣದ ದೊಡ್ಡ ಮಚ್ಚೆ. ನಮ್ಮವರು ಬಕೆಟ್ಟಿಗೆ ನೀರು ಬಿಡಲಿಲ್ಲ. ಕೋಟನ್ನು ಮಡಿಲಲ್ಲಿ ಹರಡಿಕೊಂಡು, ಆ ಮಚ್ಚೆಗೆ ಬೆರಳು ತಾಗದ ಹಾಗೆ ಹಿಡಿದು, ಇದು ಇರಬೇಕೋ ಹೋಗಬೇಕೋ ಕೇಳು ಎಂದರು. ಸೊಸೆ ಫೋಟೊ ತೆಗೆದು ಕಳಿಸಿದಳು. ಸ್ವಲ್ಪ ಹೊತ್ತಿಗೆ ಉತ್ತರ ಬಂತು.

"ಗಾಡಿ ರಿಪೇರಿ ಮಾಡೋಕೆ ಹೋಗಿ ಆದ ಗ್ರೀಸಂತೆ ಮಾವ. ಖಂಡಿತಾ ತೆಗೀರಿ ಅಂದಿದಾರೆ. ಅದೊಂದು ಕಲೆಗೆ ಗಂಡ ಹೆಂಡತಿ ವರ್ಷಗಟ್ಟಲೆ ಜಗಳ ಆಡಿದಾರಂತೆ."

ನಮ್ಮವರು ಸೋಪು ಕೈಗೆ ತೆಗೆದುಕೊಂಡರು. ಒಂದು ಗಳಿಗೆ ಕೋಟನ್ನೇ ನೋಡಿದರು. ಸೋಪನ್ನು ಮತ್ತೆ ಕೆಳಗಿಟ್ಟರು.

"ವರ್ಷಗಟ್ಟಲೆ ಆಡಿದಾರಂತೆ. ಇನ್ನೊಂದ್ಸಲ ಕೇಳು," ಎಂದರು. "ನಿಜವಾಗ್ಲೂ ತೆಗೀಬೇಕಾ ಅಂತ."