ಅಡುಗೆಯವಳ ಪಾತ್ರ

ತೀರಿಹೋದ ತಾಯಿಯ ಮೇಲಿನ ಹೊದಿಕೆಯನ್ನು ಸರಿಪಡಿಸುತ್ತಿದ್ದ ಮಗ ತಲೆಯೆತ್ತಿದ. ಬಾಗಿಲಲ್ಲಿ ನಿಂತ ಮೂವರು ಹೆಂಗಸರಲ್ಲಿ ಒಬ್ಬರ ಮುಖವೂ ಪರಿಚಯದ್ದಲ್ಲ.

"ಯಾರು ನೀವು?"

"ಯಾರೂ ಅಲ್ಲಪ್ಪ," ಅಂದರು ಹಿರಿಯಾಕೆ. "ಆಸ್ಪತ್ರೆ ಬಟ್ಟೆ ಒಗೆಯೋ ಕೆಲಸ ನಮ್ದು. ಮಧ್ಯಾಹ್ನ ಊಟದ ಹೊತ್ತಲ್ಲಿ ಅಮ್ಮನ ಧಾರಾವಾಹಿ ನೋಡ್ತಿದ್ವಿ. ಹನ್ನೊಂದು ವರ್ಷ."

ಆ ಧಾರಾವಾಹಿಯಲ್ಲಿ ತಾಯಿಯದು ಅಡುಗೆಯವಳ ಪಾತ್ರ. ಟ್ರೇ ಹಿಡಿದು ಬರುವುದು, ಹೋಗುವುದು. ವಾರಕ್ಕೊಂದು ಮಾತು ಸಿಕ್ಕರೆ ಹೆಚ್ಚು. ಮಗ ಅದನ್ನು ಗೆಳೆಯರ ಹತ್ತಿರ ಹೇಳಿಕೊಂಡವನಲ್ಲ.

"ನಾಯಕಿಗಾದ್ರೆ ಜನ ಬರ್ತಾರೆ. ಅಮ್ಮಂಗೆ ಮಾತೇ ಇರ್ಲಿಲ್ವಲ್ಲ," ಅಂದ ಮಗ.

"ನಾಯಕಿ ಸೀರೆ ನೋಡೋಕೆ ಇವ್ಳಿದ್ಲು ಬಿಡಿ," ಹಿರಿಯಾಕೆ ಪಕ್ಕದವಳತ್ತ ಕೈ ತೋರಿಸಿದರು. "ಆ ಮನೆ ಯಜಮಾನ ಹೆಂಡ್ತಿಗೆ ಹೊಡೆದಾಗ ಎಲ್ರೂ ಅವಳ ಮುಖ ನೋಡಿದ್ರು. ನಾನು ಹಿಂದಿದ್ದ ಅಮ್ಮನ್ನ ನೋಡ್ದೆ. ಲೋಟ ಇಡೋಕೆ ಬಗ್ಗಿದವ್ರು ಇಡಲೇ ಇಲ್ಲ. ಹಾಗೇ ನಿಂತ್ಬಿಟ್ರು. ನಂಗೆ ಏಟು ಬಿದ್ದಾಗ ನಮ್ಮನೇಲಿ ಒಬ್ರ ಕೈಯೂ ನಿಲ್ಲಲಿಲ್ಲ ಕಣಪ್ಪ. ಉಣ್ಣೋರು ಉಣ್ತಾನೇ ಇದ್ರು."

ಅತ್ತೆಯ ತಲೆಯ ಬಳಿ ಕೂತಿದ್ದ ಸೊಸೆ ಕತ್ತೆತ್ತಿದಳು.

*

ಆ ದೃಶ್ಯ ತೆಗೆದ ದಿನ ನಿರ್ದೇಶಕ ರೇಗಿದ್ದ.

"ಏನಮ್ಮ, ಲೋಟ ಇಟ್ಟು ಹೋಗಿ ಅಂದ್ರೆ ಕಂಬ ಆಗ್ಬಿಟ್ರಲ್ಲ."

"ಅವಳಿಗೆ ಏಟು ಬಿತ್ತಲ್ಲ ಸಾರ್. ಹೇಗೆ ಹೋಗ್ಲಿ?"

ಮತ್ತೊಮ್ಮೆ ತೆಗೆಯಲು ಹೊತ್ತಿರಲಿಲ್ಲ. ಹಾಗೆಯೇ ಉಳಿಯಿತು.

ಅದೇ ಸಂಜೆ, ಇಸ್ತ್ರಿಯಾಗದ ಅಂಗಿಯೊಂದರ ವಿಷಯಕ್ಕೆ ಮಗ ಹೆಂಡತಿಯ ಕೆನ್ನೆಗೆ ಬಾರಿಸಿದ. ಎದುರಿಗೇ ಬಟ್ಟೆ ಮಡಿಸುತ್ತಿದ್ದ ತಾಯಿ, ಮಡಿಸಿದ್ದನ್ನೂ ಮಡಿಸದ್ದನ್ನೂ ಒಟ್ಟಿಗೆ ಬಾಚಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಚಿಲಕ ಬಿದ್ದ ಸದ್ದು ಸೊಸೆಗೆ ಕೇಳಿಸಿತು. ಆಮೇಲೂ ಎಷ್ಟೋ ಸಲ ಕೇಳಿಸಿತು. ಅಂಥ ದಿನಗಳ ಮರುಬೆಳಗ್ಗೆ ಅವಳ ಪಾಲಿನ ಪಾತ್ರೆಗಳನ್ನು ಅತ್ತೆಯೇ ತೊಳೆದಿಟ್ಟಿರುತ್ತಿದ್ದರು. ಇಬ್ಬರೂ ಆ ಮಾತೆತ್ತುತ್ತಿರಲಿಲ್ಲ.

*

"ಮನೇಲೂ ಹಾಗೇ ಇದ್ರೇನಮ್ಮ?" ಹಿರಿಯಾಕೆ ಸೊಸೆಯನ್ನು ಕೇಳಿದರು.

"ಹ್ಞೂಂ, ಹಾಗೇ," ಅಂದ ಮಗ.

ಸೊಸೆ ಅತ್ತೆಯ ಮುಖವನ್ನೇ ನೋಡುತ್ತಿದ್ದಳು. "ಇಲ್ಲ," ಅಂದಳು. "ಟೀವೀಲಿ ಮಾತ್ರ."

ಹಿರಿಯಾಕೆಯ ನೋಟ ಸೊಸೆಯ ಮುಖದಿಂದ ಸರಿದು ಮಗನ ಕೈಗಳ ಮೇಲೆ ನಿಂತಿತು. ಅವನು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

ಸ್ವಲ್ಪ ಹೊತ್ತಿಗೆ ಶವ ಒಯ್ಯುವ ವ್ಯಾನು ಬಂತು. ದೇಹವನ್ನು ಏರಿಸಿದ ಮೇಲೆ ಮಗ ಮುಂದಿನ ಬಾಗಿಲು ತೆಗೆದು ಹೆಂಡತಿಯನ್ನು ಕರೆದ. "ಬಾ, ಇಲ್ಲಿ ಕೂತ್ಕೋ."

ಅವಳು ಹಿಂದಿನ ಮೆಟ್ಟಿಲು ಹತ್ತಿದಳು. ಉದ್ದ ಬೆಂಚಿನ ಮೇಲೆ ಆಗಲೇ ಹತ್ತಿ ಕೂತಿದ್ದ ಆ ಮೂವರು ಹೆಂಗಸರು ಒಬ್ಬರಿಗೊಬ್ಬರು ಒತ್ತಿಕೊಂಡು ಸರಿದು ಜಾಗ ಮಾಡಿಕೊಟ್ಟರು.